ಮುದ್ದಕ್ಕನ ಗುಡಾಣ

ಆ ಬಟ್ಟೆಯನ್ನು ಮುದ್ದಕ್ಕ ಕದಿಯಲಿಲ್ಲ. ಕದ್ದವನು ನಾನು. ಕದ್ದು ಅವಳ ಕೈಗೆ ಕೊಟ್ಟು, ನಾನು ಕೊಟ್ಟಿಲ್ಲವೆಂದು ನನ್ನ ಕತ್ತರಿ ಮುಟ್ಟಿ ಪ್ರಮಾಣ ಮಾಡಿದವನೂ ನಾನೇ.

ನಾಲ್ಕು ಸಾಲೂ ಇಲ್ಲ. ಒಂದು ತೋಳಿನ ಅಂಚು ಮಡಚಿ ಹೊಲಿಯುವಷ್ಟು ಹೊತ್ತೂ ಬೇಕಿಲ್ಲ ಇದನ್ನು ಹೇಳಲು. ನನಗೆ ನಲವತ್ತು ವರ್ಷ ಬೇಕಾಯಿತು. ಯಾಕೆ ಎಂದು ಕೇಳಬೇಡಿ — ಕೇಳಿದರೆ ನಾನು ಕಾರಣ ಹುಡುಕಲು ಶುರು ಮಾಡುತ್ತೇನೆ. ಕಾರಣ ಹುಡುಕುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ನಾನು ಮಧುಗಿರಿಯ ಟೈಲರ್ ಶಿವಣ್ಣ. ವಯಸ್ಸು ಎಪ್ಪತ್ತಾರು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಶಿರಾದಲ್ಲಿ ಒಬ್ಬ ಉಸ್ತಾದರ ಹತ್ತಿರ ಕತ್ತರಿ ಹಿಡಿಯುವುದನ್ನು ಕಲಿತು, ಬೆಟ್ಟದ ಕೆಳಗಿನ ನಮ್ಮ ಬೀದಿಯಲ್ಲೇ ಅಂಗಡಿ ಇಟ್ಟೆ. ಆ ಉಸ್ತಾದರ ಮಾತು ಇಲ್ಲಿ ಹೇಳಲೇಬೇಕು. ಯಾರ ಬಟ್ಟೆ ಹೊಲಿದರೂ ಅವರು ಉಳಿದ ಚೂರುಗಳನ್ನೆಲ್ಲ, ಹೆಬ್ಬೆರಳಗಲದ್ದನ್ನೂ ಬಿಡದೆ, ಗಂಟು ಕಟ್ಟಿ ಹೊಲಿದ ಬಟ್ಟೆಯ ಮಡಿಕೆಯೊಳಗೇ ಇಟ್ಟುಕೊಡುತ್ತಿದ್ದರು. "ಯೇ ಅಮಾನತ್ ಹೈ ಬೇಟಾ. ನಂಬಿ ಇಟ್ಟಿದ್ದು. ನಮ್ದು ಬರೀ ಕೈ, ಬಟ್ಟೆ ಅವ್ರದು" ಎನ್ನುತ್ತಿದ್ದರು. ಆದ್ದರಿಂದ "ನನಗೆ ಗೊತ್ತಿರಲಿಲ್ಲ, ಈ ಕಸುಬೇ ಹಾಗೆ, ಎಲ್ಲ ಟೈಲರುಗಳೂ ಅಷ್ಟೇ" ಎಂದು ನಾನು ಹೇಳುವ ಹಾಗಿಲ್ಲ. ನನಗೆ ಸರಿಯಾದದ್ದನ್ನೇ ಕಲಿಸಿದ್ದರು. ನಾನು ಅದನ್ನು ಶಿರಾದ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಬಂದೆ.

ಅಂಗಡಿ ಇಟ್ಟು ಎರಡು ವರ್ಷವಾಗುವುದರೊಳಗೆ ನನಗೆ ಒಂದು ವಿಷಯ ಗೊತ್ತಾಯಿತು. ಬಟ್ಟೆ ತಂದವರಿಗೆ ಅದು ಎಷ್ಟಿದೆ ಎಂದು ಗೊತ್ತಿರುತ್ತದೆ, ಎಷ್ಟು ಬೇಕು ಎಂದು ಗೊತ್ತಿರುವುದಿಲ್ಲ. ಟೇಪು ನನ್ನ ಕೊರಳಲ್ಲಿತ್ತು. "ಬಟ್ಟೆ ಸಾಲಲ್ಲ ಕಣಮ್ಮ" ಎಂದರೆ ಮುಗಿಯಿತು, ಎದುರು ಮಾತಾಡುವವರಿಲ್ಲ. ತೋಳು ಗಿಡ್ಡ ಮಾಡಿಸಿಕೊಂಡು ಹೋಗುತ್ತಿದ್ದರು. ಉಳಿದದ್ದು ಗೇಣಗಲವೋ ಮೊಳವೋ, ನನ್ನ ಮಿಷನ್ನಿನ ಕೆಳಗಿನ ಡಬ್ಬಕ್ಕೆ ಬೀಳುತ್ತಿತ್ತು.

ಅದನ್ನೆಲ್ಲ ನಾನು ಏನು ಮಾಡಿದೆ? ಮುದ್ದಕ್ಕನಿಗೆ ಕೊಟ್ಟೆ.

ಮುದ್ದಕ್ಕ ನನ್ನ ಅಂಗಡಿಯಲ್ಲಿ ಕಾಜ ಹೊಲಿಯಲು, ಗುಂಡಿ ಹಾಕಲು ಬರುತ್ತಿದ್ದಳು. ಬರಗೂರಿನ ಕಡೆಯವಳು. ಗಂಡ ತೀರಿಹೋಗಿದ್ದ, ಒಬ್ಬಳು ಮಗಳಿದ್ದಳು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹೆಂಚಿನ ಮನೆಯಲ್ಲಿದ್ದಳು. ಮಿಕ್ಕ ಹೊತ್ತಿನಲ್ಲಿ ಚೂರು ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ನಮ್ಮ ಕಡೆ ಅದನ್ನು ಬೊಂತೆ ಎಂದೂ ಅನ್ನುತ್ತಾರೆ. ಬಾಣಂತಿ ಮನೆಗೆ, ಮದುವೆ ಮನೆಗೆ, ಚಳಿಗಾಲಕ್ಕೆ ಮುದುಕರಿಗೆ — ಮುದ್ದಕ್ಕನ ಬೊಂತೆ ಎಂದರೆ ಬೀದಿಯಲ್ಲಿ ಅದಕ್ಕೊಂದು ಮರ್ಯಾದೆ ಇತ್ತು. ಹಬ್ಬ ಬಂದಾಗ, ಅವಳಿಗೆ ಏನಾದರೂ ಹೆಚ್ಚಿಗೆ ಕೊಡಬೇಕಾದಾಗ, ನಾನು ಡಬ್ಬದ ಬಟ್ಟೆ ತೆಗೆದುಕೊಡುತ್ತಿದ್ದೆ. ಊರವರ ಬಟ್ಟೆ ಕೊಟ್ಟು ನಾನು ಧರ್ಮಿಷ್ಠನಾಗುತ್ತಿದ್ದೆ.

"ಇಷ್ಟು ದೊಡ್ಡ ತುಂಡು ಹೆಂಗೆ ಉಳೀತು ಮಾಸ್ಟ್ರೇ?" ಎಂದು ಅವಳು ಕೇಳುತ್ತಿದ್ದಳು. ಪ್ರತಿ ಸಲವೂ ಕೇಳುತ್ತಿದ್ದಳು, ಅದನ್ನು ನೆನಪಿಡಿ.

"ಅವ್ರೇ ಬ್ಯಾಡ ಅಂದ್ರು, ಇಟ್ಕಾ" ಎನ್ನುತ್ತಿದ್ದೆ.

ಅವಳ ಮನೆಯೊಳಗೆ ಗೋಡೆಗೆ ಒರಗಿಸಿದ ನಾಲ್ಕು ಗುಡಾಣಗಳಿದ್ದವು. ರಾಗಿ ತುಂಬುವಂಥ ದೊಡ್ಡ ಮಣ್ಣಿನ ಗುಡಾಣಗಳು, ಆದರೆ ಅವುಗಳಲ್ಲಿ ರಾಗಿ ಇರಲಿಲ್ಲ, ಚೂರು ಬಟ್ಟೆ ಇತ್ತು. ಒಮ್ಮೆ ಜ್ವರವೆಂದು ಅವಳು ಬರದಿದ್ದಾಗ ಕಾಜದ ಬಟ್ಟೆ ಕೊಡಲು ಹೋದವನು ನೋಡಿದೆ. ಮೊದಲ ಗುಡಾಣದಲ್ಲಿ ಬೆರಳಗಲದ ಚೂರುಗಳು, ಅಂಚಿನ ಪಟ್ಟಿಗೆ. ಎರಡನೆಯದರಲ್ಲಿ ಅಂಗೈಯಗಲದವು. ಮೂರನೆಯದರಲ್ಲಿ ಗೇಣಿಗೆ ಮೀರಿದವು. ನಾಲ್ಕನೆಯದು ಮಾತ್ರ ದೂರ, ಮೂಲೆಯಲ್ಲಿ, ಮುಚ್ಚಳಕ್ಕೆ ಬಟ್ಟೆ ಬಿಗಿದು. ಅದರಲ್ಲಿ ತೀರಿಹೋದವರ ಬಟ್ಟೆ. ಸತ್ತವರ ಅಂಗಿ, ಸೀರೆ ತಂದುಕೊಟ್ಟು ಬೊಂತೆ ಮಾಡಿಸಿಕೊಳ್ಳುವ ಪದ್ಧತಿ ಕೆಲವು ಮನೆಗಳಲ್ಲಿತ್ತು. ಆ ಬಟ್ಟೆ ಆ ಮನೆಯ ಬೊಂತೆಗೇ ಹೋಗಬೇಕು, ಬೇರೆ ಮನೆಯ ಮಗುವಿನ ಮೈಮೇಲೆ ಅಪ್ಪಿತಪ್ಪಿಯೂ ಬರಬಾರದು. ಅದಕ್ಕೇ ಆ ಗುಡಾಣ ಮೂಲೆಗೆ.

ಯಾವ ಚೂರನ್ನೂ ಅವಳು ಒಗೆಯದೆ ಒಳಗಿಡುತ್ತಿರಲಿಲ್ಲ. ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲೆ ಒತ್ತಿ ಬಣ್ಣ ಬಿಡುತ್ತದೆಯೋ ಎಂದು ನೋಡುತ್ತಿದ್ದಳು. ಬಿಡುವ ಜಾತಿಯದನ್ನು ಬೇರೆ ಕಟ್ಟುತ್ತಿದ್ದಳು. ಹಳೆಯ ಸವೆದ ಬಟ್ಟೆ ಒಂದು ಕಡೆ, ಗಟ್ಟಿ ಹೊಸದು ಒಂದು ಕಡೆ. ಎರಡನ್ನೂ ಪಕ್ಕಪಕ್ಕ ಹೊಲಿದರೆ ಹೊಸದು ಹಳೆಯದನ್ನು ಹರಿದುಹಾಕುತ್ತದೆ ಎನ್ನುತ್ತಿದ್ದಳು. ಪ್ರತಿ ಕಟ್ಟನ್ನೂ ಅದೇ ಬಟ್ಟೆಯ ಅಂಚಿನ ಪಟ್ಟಿಯಿಂದ ಕಟ್ಟಿ, ನಡುನಡುವೆ ಒಣಗಿದ ಲಕ್ಕಿ ಸೊಪ್ಪು ಹಾಕುತ್ತಿದ್ದಳು, ಹುಳ ಬೀಳದಿರಲಿ ಎಂದು.

"ಏನ್ ಮುದ್ದಕ್ಕ, ಒಳ್ಳೇ ಬಂಗಾರ ಇಟ್ಟಂಗೆ ಇಟ್ಟಿದ್ದೀಯಲ್ಲ" ಎಂದೆ.

"ಬಂಗಾರ ಆಗಿದ್ರೆ ನನ್ತಾವ ಎಲ್ಲಿ ಬರ್ತಿತ್ತು ಮಾಸ್ಟ್ರೇ? ನೀವೇ ನುಂಗ್ಬುಡ್ತಿದ್ರಿ!" ಎಂದು ನಕ್ಕಳು. ಜ್ವರದಲ್ಲೂ ನಕ್ಕಳು. ನಾನೂ ನಕ್ಕೆ.

ಮೂರನೆಯ ಗುಡಾಣಕ್ಕೆ ಒಂದು ಕಟ್ಟಳೆ ಇತ್ತು. ಗೇಣಿಗೆ ಮೀರಿದ ಬಟ್ಟೆಯನ್ನು ಒಂದು ಯುಗಾದಿ ದಾಟುವವರೆಗೆ ಅವಳು ಕತ್ತರಿಸುತ್ತಿರಲಿಲ್ಲ. "ಯಾರಿಗ್ಗೊತ್ತು, ರವಿಕೆ ಹರ್ದೋಗಿ ತೇಪೆಗೆ ಅದೇ ಬಣ್ಣ ಕೇಳ್ಕಂಡು ಬಂದ್ರೆ? ಅವ್ರ ಬಟ್ಟೆ ಅವ್ರಿಗೆ ಇರ್ಬೇಕಲ್ಲ" ಎನ್ನುತ್ತಿದ್ದಳು. ಒಮ್ಮೊಮ್ಮೆ ಹಾಗೆ ಬಂದದ್ದೂ ಉಂಟು, ಅವಳು ಕೊಟ್ಟದ್ದೂ ಉಂಟು. ಶಿರಾದ ಉಸ್ತಾದರನ್ನು ನೋಡದೆಯೇ ಅವರ ಪಾಠ ಕಲಿತವಳು. ಆ ಪಾಠ ಮರೆತವನು ಅವಳ ಮಾಸ್ಟ್ರು.

ಈಗ ಛತ್ರಿ ಬಟ್ಟೆಯ ಸಂಗತಿ.

ನಮ್ಮ ಬೀದಿಯ ಹುಣಸೆಹಣ್ಣಿನ ಮಂಡಿ ಮನೆಯ ಗಿರಿಜಮ್ಮ ಒಂದು ದಿನ ಬಟ್ಟೆ ತಂದರು. ಅವರ ತಮ್ಮ ಬೊಂಬಾಯಿಯಿಂದ ತಂದದ್ದು. ಕಡು ನೀಲಿ, ಅದರ ಮೇಲೆಲ್ಲ ಪುಟ್ಟ ಪುಟ್ಟ ಹಳದಿ ಛತ್ರಿಗಳ ಅಚ್ಚು. ಇಡೀ ಮಧುಗಿರಿಯಲ್ಲಿ ಅಂಥ ಬಟ್ಟೆ ಇನ್ನೊಂದಿರಲಿಲ್ಲ. "ಇಬ್ರು ಹುಡ್ಗೀರ್ಗೂ ಒಂದೊಂದು ಲಂಗ ಮಾಡ್ಕೊಡಿ, ದೀಪಾವಳಿಗೆ" ಎಂದರು. ದೊಡ್ಡವಳಿಗೆ ಹನ್ನೊಂದು ವರ್ಷ, ಚಿಕ್ಕವಳು ವಿಶಾಲಾಕ್ಷಿಗೆ ಎಂಟು. ಅಳತೆ ತೆಗೆದೆ. ಎರಡೂ ಲಂಗಕ್ಕೆ ಬಟ್ಟೆ ಸಾಲುತ್ತಿತ್ತು. ಚೆನ್ನಾಗಿ ಸಾಲುತ್ತಿತ್ತು.

"ಬಟ್ಟೆ ಸಾಲಲ್ಲ ಕಣಮ್ಮ. ಒಂದೇ ಆಗೋದು" ಎಂದೆ.

ಯಾಕೆ ಹೇಳಿದೆ? ಆ ಬಟ್ಟೆ ಚೆನ್ನಾಗಿತ್ತು. ಅಷ್ಟೇ. ನನಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಹಬ್ಬದ ದಿನ ದೊಡ್ಡವಳು ಛತ್ರಿ ಲಂಗದಲ್ಲಿ ಬೀದಿಯಲ್ಲೆಲ್ಲ ತಿರುಗಿದಳು; ಚಿಕ್ಕವಳು ಜಗಲಿಯ ಮೇಲೆ ಹಳೆಯ ಲಂಗದಲ್ಲಿ ಕೂತು ಅಳುತ್ತಿದ್ದುದನ್ನು ನಾನು ನನ್ನ ಅಂಗಡಿಯಿಂದಲೇ ನೋಡಿದೆ. ಬಟ್ಟೆ ನನ್ನ ಕಾಲ ಕೆಳಗಿನ ಡಬ್ಬದಲ್ಲಿತ್ತು. ಆಗಲೂ ತೆಗೆದು ಹೊಲಿದುಕೊಡಬಹುದಿತ್ತು — ಒಂದೂವರೆ ಗಂಟೆ ಕೆಲಸ. ಮಾಡಲಿಲ್ಲ. ಹಬ್ಬ ಕಳೆದ ಮೇಲೆ ಅದನ್ನು ಮುದ್ದಕ್ಕನಿಗೆ ಕೊಟ್ಟೆ. ಅವಳು ಎಂದಿನಂತೆ ಕೇಳಿದಳು. ನಾನು ಎಂದಿನಂತೆ ಹೇಳಿದೆ.

ಅವಳು ಅದನ್ನು ಮೂರನೆಯ ಗುಡಾಣದಲ್ಲಿಟ್ಟು ಯುಗಾದಿ ದಾಟುವವರೆಗೆ ಕಾದಳು. ಯಾರೂ ಕೇಳಿಕೊಂಡು ಬರಲಿಲ್ಲ. ಬರುವುದಾದರೂ ಹೇಗೆ — ಉಳಿದಿದೆ ಎಂದು ಗೊತ್ತಿದ್ದರಲ್ಲವೇ ಕೇಳುವುದು? ಆಮೇಲೆ ಅದೇ ಬೀದಿಯ ಇನ್ನೊಂದು ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಬೊಂತೆ ಹೊಲಿದಳು. ನಟ್ಟನಡುವೆ ಮೊಳದಗಲಕ್ಕೂ ಛತ್ರಿಗಳು, ಸುತ್ತ ಮಿಕ್ಕ ಬಣ್ಣಗಳು. ಎಲ್ಲರಿಗೂ ಕಾಣುವ ಹಾಗೆ.

ತೊಟ್ಟಿಲು ಶಾಸ್ತ್ರದ ದಿನ ಗಿರಿಜಮ್ಮ ಮಗುವಿಗೆ ಅರಿಶಿನ ಕುಂಕುಮ ಇಡಲು ಬಗ್ಗಿದವರು ಛತ್ರಿ ನೋಡಿದರು. ಯಾರು ಹೊಲಿದದ್ದು ಎಂದು ಕೇಳಿದರು. ಅಲ್ಲಿಂದ ಬೊಂತೆ ಎತ್ತಿಕೊಂಡು ಏಳೆಂಟು ಹೆಂಗಸರೊಡನೆ ಸೀದಾ ನನ್ನ ಅಂಗಡಿಗೆ ಬಂದರು. ಮುದ್ದಕ್ಕ ಬಾಗಿಲ ಬಳಿ ಕೂತು ಕಾಜ ಹೊಲಿಯುತ್ತಿದ್ದಳು.

"ಏನ್ ಮಾಸ್ಟ್ರೇ, ಬಟ್ಟೆ ಸಾಲಲ್ಲ ಅಂದ್ರಿ. ಈ ಛತ್ರಿ ಎಲ್ಲಿಂದ ಬಂತು, ಮಳೆ ಜೊತೆ ಉದುರ್ತಾ?" ಎಂದು ಗಿರಿಜಮ್ಮ ಬೊಂತೆ ಬಿಡಿಸಿ ಹಿಡಿದರು.

ನನಗಿಂತ ಮೊದಲು ಮುದ್ದಕ್ಕ ಉತ್ತರ ಕೊಟ್ಟಳು. ಸೂಜಿಯನ್ನೂ ಕೆಳಗಿಡಲಿಲ್ಲ, ಅಷ್ಟು ಸಲೀಸಾಗಿ: "ಮಾಸ್ಟ್ರು ಕೊಟ್ಟಿದ್ದು ಕಣಮ್ಮ. ನೀವೇ ಬ್ಯಾಡ ಅಂದ್ರಂತೆ."

"ನಾನಾ? ನಾನು ಬ್ಯಾಡ ಅಂದೆನಾ? ನನ್ನ ಕೂಸು ಹಬ್ಬದ ದಿನ ಅಳ್ತಾ ಕೂತಿತ್ತು ಕಣೇ!"

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ನಾನು ಹೇಳಿದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ:

"ಚೂರು ಪಾರು ಕೊಟ್ಟಿದ್ದೀನಿ. ಇಷ್ಟು ದೊಡ್ಡ ಬಟ್ಟೆ ನಾನ್ಯಾಕೆ ಕೊಡ್ಲಿ? ನಾನು ಊಟಕ್ಕೆ ಹೋದಾಗ ಅಂಗಡೀಲಿ ಅವ್ಳೊಬ್ಳೇ ಇರ್ತಾಳೆ..."

ಅಲ್ಲಿಗೆ ನಿಲ್ಲಿಸಿದೆ. ಕದ್ದಳು ಎಂಬ ಮಾತನ್ನು ನಾನು ಆಡಲಿಲ್ಲ. ಎಷ್ಟು ಜಾಣ ನೋಡಿ! ಮಾತನ್ನೂ ಬಟ್ಟೆಯ ಹಾಗೆ ಕತ್ತರಿಸಿ, ಬೇಕಾದಷ್ಟನ್ನು ಮಾತ್ರ ಕೊಟ್ಟೆ. ಉಳಿದದ್ದನ್ನು ಅವರೇ ಹೊಲಿದುಕೊಂಡರು.

ಮುದ್ದಕ್ಕ ಎದ್ದು ನಿಂತಳು. ಅಳಲಿಲ್ಲ. "ಮಾಸ್ಟ್ರೇ, ಕತ್ರಿ ಮುಟ್ಟಿ ಹೇಳಿ" ಎಂದಳು.

ಕಸುಬಿನವರಿಗೆ ಇದು ಗೊತ್ತು. ಆಯುಧಪೂಜೆಗೆ ಅರಿಶಿನ ಹಚ್ಚಿ, ಹೂ ಇಟ್ಟು, ಕೈ ಮುಗಿಯುವ ಕತ್ತರಿ. ಅದನ್ನು ಮುಟ್ಟಿ ಟೈಲರು ಸುಳ್ಳು ಹೇಳುವುದಿಲ್ಲ. ಅವಳಿಗೆ ಅಷ್ಟು ನಂಬಿಕೆ — ನನ್ನ ಮೇಲೆ ಅಲ್ಲದಿದ್ದರೂ ಕತ್ತರಿಯ ಮೇಲೆ. ನಾನು ಕತ್ತರಿಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. "ನಾನು ಕೊಟ್ಟಿಲ್ಲ" ಎಂದೆ.

ಅವಳು ನನ್ನ ಮುಖವನ್ನೂ ನೋಡಲಿಲ್ಲ. ಕತ್ತರಿಯನ್ನೇ ನೋಡುತ್ತಿದ್ದಳು.

ಆಮೇಲೆ ಎಲ್ಲರೂ ಅವಳ ಮನೆಗೆ ಹೋದರು. ನಾನೂ ಹೋದೆ, ಅಂಗಡಿಯಲ್ಲೇ ಇರಬಹುದಿತ್ತು, ಹೋದೆ. ಗುಡಾಣಗಳನ್ನು ಒಂದೊಂದಾಗಿ ಬೀದಿಗೆ ಉರುಳಿಸಿ ಸುರಿದರು. ಎರಡು ಅಲ್ಲೇ ಒಡೆದುಹೋದವು. "ಅಯ್ಯಯ್ಯೋ, ಇದು ನನ್ ರವಿಕೇದು ಕಣ್ರೇ!" "ನೋಡಿಲ್ಲಿ, ನಮ್ಮನೆಯವ್ರ ಜುಬ್ಬ! ತೋಳಿಗೆ ಬಟ್ಟೆ ಇಲ್ಲ ಅಂತ ಗಿಡ್ಡ ಹೊಲ್ಸಿದ್ವಲ್ಲ!" ಒಬ್ಬೊಬ್ಬರೂ ತಮ್ಮ ತಮ್ಮ ಬಟ್ಟೆ ಗುರುತು ಹಿಡಿದು ಕೂಗಿದರು. ಗುರುತು ಸರಿಯಾಗಿಯೇ ಇತ್ತು. ಹತ್ತು ವರ್ಷದ ಕಳ್ಳತನ ಆ ಬೀದಿಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಅದು ನನ್ನ ಕಳ್ಳತನ. ಅವಳು ಅದನ್ನು ಒಗೆದು, ಮಡಚಿ, ಕಟ್ಟಿ, ಲಕ್ಕಿ ಸೊಪ್ಪು ಹಾಕಿ ಕಾಪಾಡಿದ್ದಳು ಅಷ್ಟೇ.

ನಾಲ್ಕನೆಯ ಗುಡಾಣಕ್ಕೆ ಕೈ ಹಾಕಿದಾಗ ಮಾತ್ರ ಅವಳು ಅಡ್ಡ ಬಂದಳು. "ಅದೊಂದ ಬುಡ್ರವ್ವ. ಅದು ಹೋದೋರ್ದು. ಒಂದ್ರಾಗೊಂದು ಬೆರಸಬ್ಯಾಡಿ, ನಿಮ್ ಕಾಲ್ಗೆ ಬೀಳ್ತೀನಿ" ಎಂದಳು. ಅದನ್ನೂ ಸುರಿದರು. ಇದ್ದವರ ಬಟ್ಟೆ, ಸತ್ತವರ ಬಟ್ಟೆ ಎಲ್ಲ ಒಂದಾಗಿ ಚರಂಡಿಯ ಕಡೆಗೆ ಜಾರಿತು. ಗಂಡನ ಅಂಗಿಯ ಬೊಂತೆಗಾಗಿ ಕಾಯುತ್ತಿದ್ದ ಒಬ್ಬ ಮುದುಕಿ ಅಲ್ಲೇ ಕೂತು ಆ ರಾಶಿಯಲ್ಲಿ ಕೈಯಾಡಿಸುತ್ತಿದ್ದುದು ನನಗೆ ಇವತ್ತೂ ಕಾಣುತ್ತದೆ. ಸಿಗಲಿಲ್ಲ ಆಕೆಗೆ.

ನನಗೆ ಸಿಟ್ಟು ಬರುತ್ತದೆ. ನನ್ನ ಮೇಲೆ ಮೊದಲು, ಆದರೆ ನನ್ನ ಮೇಲಷ್ಟೇ ಅಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ ಯೋಚನೆ ಮಾಡಬಾರದಿತ್ತೇ? ಕದ್ದವಳು ಕದ್ದ ಬಟ್ಟೆಯನ್ನು ಅದರದೇ ಅಂಚಿನಿಂದ ಕಟ್ಟಿ ಗುರುತಿಡುತ್ತಾಳೆಯೇ? ಅದೇ ಬೀದಿಯ ತೊಟ್ಟಿಲಿಗೆ, ನಟ್ಟನಡುವೆ ಹೊಲಿದು ಕಳಿಸುತ್ತಾಳೆಯೇ? ಎಲ್ಲರ ಬಟ್ಟೆಯೂ "ಸಾಲದೆ" ಹೋದದ್ದು ಒಂದೇ ಅಂಗಡಿಯಲ್ಲಿ, ಹೇಳಿದವನು ಒಬ್ಬನೇ ಟೈಲರು. ಆ ಟೈಲರು ಅವರ ಪಕ್ಕದಲ್ಲೇ ನಿಂತಿದ್ದ! ಒಬ್ಬರೂ ತಿರುಗಿ ಕೇಳಲಿಲ್ಲ. ನನ್ನ ಕೊರಳಲ್ಲಿ ಟೇಪಿತ್ತು, ಬೋರ್ಡಿನ ಮೇಲೆ ಹೆಸರಿತ್ತು. ಅವಳ ಹತ್ತಿರ ಚೂರುಗಳಿದ್ದವು. ಅಷ್ಟೇ ವ್ಯತ್ಯಾಸ. ಅಷ್ಟು ಸಾಕಾಯಿತು.

ರಾಶಿಯಿಂದ ನನ್ನ ಕಾಲ ಬಳಿ ಒಂದು ಚೂರು ಬಂದು ಬಿದ್ದಿತ್ತು, ಮೂರು ಛತ್ರಿ ಇದ್ದದ್ದು. ಎತ್ತಿ ಜೇಬಿಗೆ ಹಾಕಿಕೊಂಡೆ. ಯಾಕೆಂದು ನನಗೆ — ಇರಲಿ.

ವಾರದೊಳಗೆ ಮುದ್ದಕ್ಕ ಮಗಳನ್ನು ಕರೆದುಕೊಂಡು ಪಾವಗಡದ ಕಡೆಗೆ ಹೊರಟುಹೋದಳು. ಮಗಳನ್ನು ತಿರುಮಣಿಗೆ ಕೊಟ್ಟಳೆಂದೂ ಅಲ್ಲೇ ಇದ್ದಾಳೆಂದೂ ಕೆಲವು ವರ್ಷದ ಮೇಲೆ ಕೇಳಿದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದಾದ ಊರು. ನಾನು ಹೋಗಲಿಲ್ಲ. ನನ್ನ ಅಂಗಡಿ ಚೆನ್ನಾಗಿ ನಡೆಯಿತು. ಅಂದಿನಿಂದ ಉಳಿದ ಬಟ್ಟೆಯನ್ನು ಗಂಟು ಕಟ್ಟಿ ಗಿರಾಕಿಗೇ ಕೊಡತೊಡಗಿದೆ. "ಶಿವಣ್ಣ ಮಾಸ್ಟ್ರು ಒಂದೆಳೆ ಇಟ್ಕೊಳ್ಳಲ್ಲ" ಎಂದು ಹೆಸರು ಬಂತು. ಆ ಹೆಸರನ್ನೂ ನಾನು ಇಟ್ಟುಕೊಂಡೆ.

ಅವಳ ಹೆಸರಿಗೆ ಏನಾಯಿತು ಗೊತ್ತೇ? ಗಾದೆಯಾಯಿತು. ನಮ್ಮ ಕಡೆ ಮಕ್ಕಳು ಯಾರದಾದರೂ ಬಳಪ ಜೇಬಿಗೆ ಹಾಕಿಕೊಂಡರೆ, "ಏನ್ಲಾ, ಮುದ್ದಕ್ಕನ ಗುಡಾಣ ತುಂಬ್ತಾ ಇದ್ದೀಯ?" ಎನ್ನುತ್ತಾರೆ. ಈಗಿನವರಿಗೆ ಅವಳು ಯಾರೆಂದು ಗೊತ್ತಿಲ್ಲ. ಹೆಸರು ಮಾತ್ರ ಉಳಿದಿದೆ. ನನ್ನ ಮೊಮ್ಮಗಳ ಬಾಯಲ್ಲೂ ಕೇಳಿದೆ, ಸುಮ್ಮನಿದ್ದೆ.

ಹೀಗೇ ಸುಮ್ಮನಿದ್ದು ಸಾಯುತ್ತಿದ್ದೆನೇನೋ. ಆದರೆ ಕಳೆದ ವರ್ಷ ನಮ್ಮ ಬೀದಿಯ ಮಹಿಳಾ ಸಂಘದವರು ಕೌದಿ ಹೊಲಿದು ಮಾರಲು ಶುರು ಮಾಡಿದರು. ಸಂಘದ ಅಧ್ಯಕ್ಷೆ ವಿಶಾಲಾಕ್ಷಿ. ಹೌದು, ಅದೇ ವಿಶಾಲಾಕ್ಷಿ, ಈಗ ಐವತ್ತರ ಹತ್ತಿರ. ಅವರ ಚೂರು ಬಟ್ಟೆಗಳೆಲ್ಲ ಗೋಣಿಚೀಲದಲ್ಲಿ ಕಲಸಿಹೋಗಿದ್ದವು. ಬಣ್ಣ ಬಿಟ್ಟು ಎರಡು ಕೌದಿ ಹಾಳಾಗಿದ್ದವು. "ಹೆಂಗೆ ವಿಂಗಡಿಸಿ ಇಡ್ಬೇಕು, ಸ್ವಲ್ಪ ಹೇಳ್ಕೊಡಿ ಮಾಸ್ಟ್ರೇ" ಎಂದು ಕರೆದರು. ಹೋದೆ. ಬೆರಳಗಲ, ಅಂಗೈಯಗಲ, ಗೇಣಗಲ. ಬಿಳಿ ಬಟ್ಟೆಗೆ ಒತ್ತಿ ನೋಡುವುದು. ಹಳೆಯದು ಹೊಸದು ಬೇರೆ. ಅದೇ ಅಂಚಿನ ಕಟ್ಟು. ಲಕ್ಕಿ ಸೊಪ್ಪು. ಎಲ್ಲ ಹೇಳಿಕೊಟ್ಟು, ಬೇರೆ ಬೇರೆ ಡಬ್ಬಗಳಿಗೆ ತುಂಬಿಸಿದೆ.

"ಎಷ್ಟು ಚೆನ್ನಾಗಿದೆ! ಇದನ್ನೆಲ್ಲ ಎಲ್ಲಿ ಕಲಿತ್ರಿ ಮಾಸ್ಟ್ರೇ?" ಎಂದು ಒಬ್ಬ ಹುಡುಗಿ ಕೇಳಿದಳು.

"ಅನುಭವ ಕಣಮ್ಮ" ಎಂದೆ.

ಅನುಭವ! ಬಟ್ಟೆ ಕದ್ದಾಗ ನನಗೆ ಮೂವತ್ತಾರು. ಅವಳ ವಿದ್ಯೆ ಕದ್ದಾಗ ಎಪ್ಪತ್ತೈದು. ವಯಸ್ಸಾದಂತೆ ಬುದ್ಧಿ ಬರುತ್ತದೆ ಎಂದು ಯಾರು ಹೇಳಿದ್ದು?

ಅವರು ನನಗೆ ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಕಾರ್ಯಕ್ರಮ ಮುಗಿಯುವಾಗ ವಿಶಾಲಾಕ್ಷಿ ಡಬ್ಬಗಳನ್ನೆಲ್ಲ ಬೀರುವಿಗೆ ಇಡಿಸುತ್ತಾ, "ಲೆಕ್ಕ ಇಟ್ಕೊಂಡಿದ್ದೀನಿ ಕಣ್ರೇ, ಯಾರೂ ಮುದ್ದಕ್ಕನ ಗುಡಾಣ ಮಾಡ್ಬೇಡಿ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಮುದ್ದಕ್ಕ ಕಲಿಸಿದಂತೆ ಜೋಡಿಸಿದ ಡಬ್ಬಗಳ ಮುಂದೆ ನಿಂತು ಮುದ್ದಕ್ಕನನ್ನು ಕಳ್ಳಿ ಎಂದು ನಕ್ಕರು.

ನಾನೂ ನಕ್ಕೆ. ಶಾಲು ಹೊದ್ದುಕೊಂಡು ನಕ್ಕೆ. ಅದನ್ನು ನಾನು ಕ್ಷಮಿಸಲಾರೆ.

ಮರುದಿನ ಮೂರು ಛತ್ರಿಯ ಚೂರನ್ನು ಜೇಬಿನಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ತಿರುಮಣಿ. ಹೊಲಗಳಿದ್ದ ಕಡೆಯೆಲ್ಲ ಈಗ ಸೋಲಾರಿನ ಗಾಜಿನ ಹಲಗೆಗಳು, ಕಣ್ಣು ಬಿಡಲಾಗದಷ್ಟು ಬೆಳಕು. ಮನೆ ಕೇಳಿಕೊಂಡು ಹೋದೆ. ಮಗಳು ಅಂಗಳದಲ್ಲಿದ್ದಳು. "ಎವರು ಕಾವಾಲ? ಯಾರ್ ಬೇಕಪ್ಪ?" ಎಂದು ಆ ಕಡೆಯ ತೆಲುಗು ಬೆರೆಸಿ ಕೇಳಿದಳು. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಕೂರಿಸಿ ಮಜ್ಜಿಗೆ ತಂದಿಟ್ಟಳು.

ಮುದ್ದಕ್ಕ ಒಳಬಾಗಿಲ ಬಳಿ ಚಾಪೆಯ ಮೇಲಿದ್ದಳು. ಕಣ್ಣಿಗೆ ಪೊರೆ ಬಂದಿದೆ. ಸುತ್ತ ನಾಲ್ಕು ಪೇಂಟಿನ ಬಕೆಟ್ಟುಗಳು. ಮೂರು ಹತ್ತಿರ, ಒಂದು ದೂರ, ಗೋಡೆಯ ಮೂಲೆಯಲ್ಲಿ. ಚೂರುಗಳನ್ನು ಬೆರಳಲ್ಲಿ ತಿಕ್ಕಿ ನೋಡಿ ಒಂದೊಂದು ಬಕೆಟ್ಟಿಗೆ ಹಾಕುತ್ತಿದ್ದಳು.

"ಮುದ್ದಕ್ಕ, ನಾನು... ಮಧುಗಿರಿ..." ಎಂದೆ.

ಕೈ ನಿಂತಿತು. "ಕತ್ರಿ ಮಾಸ್ಟ್ರು" ಎಂದಳು. ಮತ್ತೆ ಕೈ ಆಡಿತು.

ಹೇಳಿದೆ. ಎಲ್ಲ ಹೇಳಿದೆ, ಶಾಲಿನವರೆಗೆ. ಹೇಳುತ್ತಾ ಅಳು ಬಂತು. "ಆ ಕಡೆ ತಿರೀಕಂಡು ಅಳಿ, ಬಟ್ಟೆ ನೆನೀತಾವೆ" ಎಂದಳು. ನಡುವೆ ಮಗಳಿಗೆ ನಾನು ಯಾರೆಂದು ತಿಳಿಯಿತು. ಬಂದು, ನಾನು ಮುಟ್ಟದೆ ಇಟ್ಟಿದ್ದ ಮಜ್ಜಿಗೆಯ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಸರಿಯಾಗಿ ಮಾಡಿದಳು.

"ತಪ್ಪಾಯ್ತು ಮುದ್ದಕ್ಕ" ಎಂದೆ.

"ನನಗ್ಯಾಕೆ ಹೇಳ್ತೀರ? ನಾನು ಕದ್ದಿಲ್ಲ ಅಂತ ನಂಗೆ ಗೊತ್ತಿಲ್ವಾ? ನಲ್ವತ್ತು ವರ್ಷದಿಂದ ಗೊತ್ತು. ಗೊತ್ತಿಲ್ದೋರ್ಗೆ ಹೋಗಿ ಹೇಳಿ."

ಇದೇ ಆ ಛತ್ರಿ ಬಟ್ಟೆ ಎಂದು ಚೂರನ್ನು ಅವಳ ಕೈಯಲ್ಲಿಟ್ಟೆ. ಹೆಬ್ಬೆರಳಲ್ಲಿ ಅಚ್ಚನ್ನು ಸವರಿದಳು. ಬಹಳ ಹೊತ್ತು ಸವರಿದಳು. "ಒಂದ್ಯುಗಾದಿ ಕಾದೆ ಇದ್ಕೆ. ಯಾರೂ ಕೇಳ್ಕಂಡು ಬರ್ಲಿಲ್ಲ" ಎಂದಳು. ಯಾವ ಬಕೆಟ್ಟಿಗೂ ಹಾಕಲಿಲ್ಲ. ನನ್ನ ಕಡೆ ಚಾಚಿದಳು. "ಇದು ನಂದಲ್ಲ. ಆ ಮಗೀಗೆ ಕೊಡಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆ ಊರಿನಿಂದ ಹಿಂದಿರುಗುವಾಗ ಮನಸ್ಸು ಹಗುರವಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ವಿಶಾಲಾಕ್ಷಿಯ ಮನೆಗೆ ಹೋದೆ. ಚೂರನ್ನು ಮೇಜಿನ ಮೇಲಿಟ್ಟು ಸಂಗತಿ ಹೇಳಿದೆ. ಸಂಘದ ಸಭೆಯಲ್ಲಿ ಎಲ್ಲರೆದುರು ಹೇಳಲು ಅವಕಾಶ ಕೊಡು ಎಂದು ಕೇಳಿದೆ. ಅವಳ ಮುಖ ಕೆಂಪಾಯಿತು.

"ಅಮ್ಮ ಹೋಗಿ ಎಷ್ಟು ವರ್ಷ ಆಯ್ತು ಮಾಸ್ಟ್ರೇ. ಈಗ ಊರು ಕೂಡಿಸಿ, ನಮ್ಮಮ್ಮ ನಿರಪರಾಧಿ ಮನೆ ಗುಡಾಣ ಒಡೆಸಿದ್ಳು ಅಂತ ಹೇಳ್ಬೇಕಾ? ಆ ಮುದುಕಿಗೆ ಇದ್ರಿಂದ ಏನಾಗ್ಬೇಕು? ಹೋಗ್ಲಿ ಬಿಡಿ, ಹಳೇ ಮಾತು."

"ನಿಮ್ಮಮ್ಮ ಬಟ್ಟೆ ಕಳ್ಕೊಂಡೋರು ಕಣಮ್ಮ. ಅವ್ರಿಗೆ ತಪ್ಪು ಮನೆ ತೋರ್ಸಿದ್ದು ನಾನು. ಅದನ್ನೂ ಹೇಳ್ತೀನಿ" ಎಂದೆ.

"ಸಂಘದಲ್ಲಿ ಇದೆಲ್ಲ ಬೇಡ" ಎಂದಳು. ಆಮೇಲೆ ಚೂರಿನ ಕಡೆ ನೋಡಿ, "ಇದು ನನ್ ಲಂಗದ್ದಾ?" ಎಂದು ಕೇಳಿದಳು. ಎಂಟು ವರ್ಷದವಳ ಹಾಗೆ ಕೇಳಿದಳು. ಹೌದೆಂದೆ. ಅಂಗೈಯಿಂದ ಅದರ ಸುಕ್ಕು ಬಿಡಿಸಿದಳು, ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡಳು. ಎತ್ತಿಕೊಳ್ಳಲಿಲ್ಲ, ನನಗೆ ಹಿಂತಿರುಗಿಸಲೂ ಇಲ್ಲ.

ಹೋಗಲಿ ಬಿಡಿ! ಈ ಮಾತನ್ನು ಎಷ್ಟು ಸುಲಭವಾಗಿ ಆಡುತ್ತೇವೆ. ಏನು ಹೋಗಬೇಕು? ಅವಳ ಮನೆ ಹೋಯಿತು, ಕೆಲಸ ಹೋಯಿತು, ಸತ್ತವರ ಬಟ್ಟೆ ಚರಂಡಿಗೆ ಹೋಯಿತು. ಹೋಗದೆ ಇರುವುದು ಅವಳ ಮೇಲಿನ ಕಳ್ಳಿ ಎಂಬ ಹೆಸರೊಂದೇ. ಅದೊಂದನ್ನು ಹೋಗಲು ಬಿಡುವವರಿಲ್ಲ.

ಆದ್ದರಿಂದ ಬರೆದಿದ್ದೇನೆ. ಬರೆದದ್ದಕ್ಕೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವನೆನ್ನಬೇಡಿ. ಒಂದು ಶಾಲು ಸಾಕಾಗಿದೆ. ಮಂಗಳವಾರ ಸಂಘದ ಸಭೆ ಇದೆ. ಒಳಗೆ ಬಿಡದಿದ್ದರೆ ಹೊರಗೆ, ಅವಳ ಮನೆ ಇದ್ದ ಜಾಗದ ಮುಂದೆ, ಗುಡಾಣ ಸುರಿದಲ್ಲೇ ನಿಲ್ಲುತ್ತೇನೆ. ಶಾಲನ್ನು ಹಿಂದಕ್ಕೆ ಕೊಟ್ಟು ಇದನ್ನು ಓದುತ್ತೇನೆ. ಕತ್ತರಿ ಮುಟ್ಟುವುದಿಲ್ಲ, ಆ ಯೋಗ್ಯತೆ ನನ್ನ ಕೈಗಿಲ್ಲ. ಓದಿ ಮುಗಿದ ಮೇಲೆ, ಎಲ್ಲಿ ಕಲಿತಿರಿ ಎಂದು ಅವತ್ತು ಕೇಳಿದ ಹುಡುಗಿಗೆ, ಡಬ್ಬಗಳ ಆ ಕ್ರಮ ಯಾರದು ಎಂದು ಹೆಸರು ಹೇಳುತ್ತೇನೆ.

ಊರಿಗೆ ಒಂದು ಗಾದೆ ಬೇಕೇ ಬೇಕು ಎಂದಾದರೆ ಇಟ್ಟುಕೊಳ್ಳಲಿ. ಇನ್ನು ಮುಂದೆ ಯಾವ ಮಗುವಾದರೂ ಇನ್ನೊಬ್ಬರ ಬಳಪ ಜೇಬಿಗೆ ಹಾಕಿಕೊಂಡರೆ "ಏನ್ಲಾ, ಶಿವಣ್ಣನ ಕತ್ರಿ ಆಡಿಸ್ತಿದ್ದೀಯಾ?" ಎಂದು ಕೇಳಲಿ. ನನ್ನ ಮೊಮ್ಮಗಳೂ ಹಾಗೇ ಕೇಳಲಿ.